ಹೊಳೆಯ ಈಚೆ ದಂಡೆಗೆ ನಿಂತ ಮೊದಲ ಕಂತು

ಒಂದು ಆಟವನ್ನು ಮೂರು ಮಾಡಿ ಎಂದು ಪ್ರಕಾಶಕರು ಹೇಳಿದ ಹೊತ್ತಿನಲ್ಲಿ ನಮ್ಮ ಕೋಣೆಯ ಕೆಳಗೆ ಫರ್ಸಿ ಕಲ್ಲು ಕೊಯ್ಯುವ ಯಂತ್ರ ನಡೆದಿತ್ತು. ಶಹಾಬಾದಿನಲ್ಲಿ ಕಲ್ಲಿನ ಅಂಗಡಿಯ ಮೇಲೆ ಕೋಣೆ ಹಿಡಿದವರಿಗೆ ಈ ಸಂಗೀತ ಪುಕ್ಕಟೆ. ವಿಡಿಯೋ ಕರೆಯಲ್ಲಿ ಆ ಕಡೆಯ ಅಧಿಕಾರಿಯ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೇ ನನ್ನ ತಲೆ ಕೆಟ್ಟುಹೋಯಿತು.

ಆಟ ನನ್ನ ಅಣ್ಣನದು. ಹೆಸರು 'ಏಳೂರ ದಾರಿ'. ಇಪ್ಪತ್ತು ವರ್ಷಕ್ಕೂ ಹಿಂದೆ ವಾಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವನು ಪಾಠ ಹೇಳುತ್ತಿದ್ದ. ಪಾಠ ಮುಗಿದು ಯಂತ್ರಗಳು ಖಾಲಿಯಾದ ಮೇಲೆ ಒಬ್ಬನೇ ಕೂತು ಕಟ್ಟಿದ ಆಟ ಇದು. ಆಡುವವರು ಒಬ್ಬ ಹುಡುಗಿಯಾಗಿ ನಾಲವಾರ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ವಾಡಿ, ರಾವೂರ, ಚಿತ್ತಾಪುರ, ಸೇಡಂ ಎಂದು ಊರೂರು ನಡೆದು, ಕಂಡವರ ಜೊತೆ ಮಾತಾಡಿ, ಅವರ ಕೆಲಸ ಮಾಡಿಕೊಟ್ಟು, ಕಾಗಿಣಾ ಹೊಳೆ ದಾಟಿ, ಚಿಂಚೋಳಿ ಕಾಡು ಹೊಕ್ಕು, ಕೊನೆಗೆ ಚಂದ್ರಂಪಳ್ಳಿಯ ಡ್ಯಾಮಿಗೆ ಮುಟ್ಟಬೇಕು. ಹುಡುಕುವುದು ಏನು ಅಂದರೆ ಮನೆಯಿಂದ ತಪ್ಪಿಸಿಕೊಂಡ ಒಂದು ಎಮ್ಮೆ. ಕತ್ತಿ, ಕಿರೀಟ, ರಾಜಕುಮಾರಿ ಯಾವುದೂ ಇಲ್ಲ. ಎಮ್ಮೆಗಾಗಿ ಇಷ್ಟು ದೂರ ಯಾರು ಹೋಗುತ್ತಾರೆ ಎಂದು ನಾನು ನಕ್ಕಿದ್ದೆ. ಎಮ್ಮೆ ಸಾಕಿದವರು ಹೋಗುತ್ತಾರೆ ಎಂದು ಅವನು ಹೇಳಿದ್ದ.

ಅಣ್ಣ ಅದನ್ನು ಸೀಡಿಗಳಲ್ಲಿ ಹಾಕಿ ಗೆಳೆಯರಿಗೆ ಕೊಟ್ಟ. ಗೆಳೆಯರು ಮತ್ತೊಬ್ಬರಿಗೆ ಕೊಟ್ಟರು. ನಮ್ಮ ಭಾಗದ ಸೈಬರ್ ಕೆಫೆಗಳಲ್ಲಿ ಅದನ್ನು ಆಡದೆ ಬೆಳೆದ ಹುಡುಗರು ಕಡಿಮೆ. ಅಣ್ಣ ಆರು ವರ್ಷದ ಹಿಂದೆ ಎದೆನೋವಿನಿಂದ ಹೋದ. ಅವನು ಹೋದ ಮೇಲೆ ಯಾರೋ ಆಟವನ್ನು ಇಂಟರ್ನೆಟ್ಟಿಗೆ ಏರಿಸಿದರು, ದೂರದೂರಿನವರು ಆಡಿದರು, ಹೊಸದಾಗಿ ಕಟ್ಟಿಕೊಡಿ ಎಂದು ಪ್ರಕಾಶಕರು ನನ್ನನ್ನು ಹುಡುಕಿಕೊಂಡು ಬಂದರು. ಒಪ್ಪಿಗೆ ಕೊಡಬೇಕಾದವರು ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ. ರಾವೂರಿನ ಶಾಲೆಯಲ್ಲಿ ಟೀಚರ್. ಕಾಗದಕ್ಕೆ ಸಹಿ ಹಾಕುವಾಗ ಅವರು ಕೇಳಿದ್ದು ಒಂದೇ ಮಾತು: "ಎಲ್ಲಾ ಬದಲು ಮಾಡ್ರಿ. ಅವರ ದನಿ ಮಾತ್ರ ಇದ್ದಂಗ ಇರಲಿ."

ಹಳೆಯ ಆಟದಲ್ಲಿ ಮಾತೆಲ್ಲ ಅಕ್ಷರದಲ್ಲಿತ್ತು. ಆಗಿನ ಡಿಸ್ಕಿನಲ್ಲಿ ದನಿಗೆ ಜಾಗ ಎಲ್ಲಿಯದು? ದನಿ ಇದ್ದದ್ದು ಒಬ್ಬನಿಗೇ, ಹೊಳೆ ದಾಟಿಸುವ ಅಂಬಿಗನಿಗೆ. ಅವನಾಡುವ ನಾಲ್ಕು ಮಾತು ಅಣ್ಣನ ದನಿಯಲ್ಲಿದ್ದವು. ನಮ್ಮ ಮುತ್ಯಾನ, ಅಂದರೆ ಅಜ್ಜನ ಕಾಲದವರೆಗೂ ನಮ್ಮ ಮನೆಯವರು ಕಾಗಿಣಾ ಹೊಳೆಗೆ ದೋಣಿ ಹಾಕುತ್ತಿದ್ದವರು. ಸೇತುವೆ ಬಂದ ಮೇಲೆ ದೋಣಿ ಹೋಯಿತು. ಅಂಬಿಗನ ಪಾತ್ರವನ್ನು ಅಣ್ಣ ಬೇರೆಯವರಿಗೆ ಹೇಗೆ ಬಿಟ್ಟುಕೊಟ್ಟಾನು?

ಪ್ರಕಾಶಕರ ಮಾತಿನಲ್ಲಿ ನ್ಯಾಯವಿತ್ತು, ಅದೇ ಸಂಕಟ. ಅಣ್ಣನ ರಾವೂರಿನ ಕಲ್ಲಿನ ಖಣಿ ಎಂದರೆ ಬೂದು ಬಣ್ಣದ ಹದಿನಾರು ಚೌಕ. ನಾವು ಅದನ್ನೇ ಈಗಿನ ಕಣ್ಣಿಗೆ ಕಟ್ಟುವಾಗ ಖಣಿಗೆ ಇಳಿಯುವ ದಾರಿ, ಪದರು ಪದರಾದ ಕಲ್ಲು, ಮೈಮೇಲೆ ಕೂರುವ ಧೂಳು, ಬಿಸಿಲು ಬಿದ್ದರೆ ಒಂದು ಬಣ್ಣ, ಮೋಡ ಬಂದರೆ ಇನ್ನೊಂದು, ಎಲ್ಲ ಬೇಕು. ರಾವೂರೊಂದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಕೆಲಸ ಮಾಡುವವರು ಮೂವರು: ಪ್ರೋಗ್ರಾಮ್ ಬರೆಯುವ ನಾನು, ಚಿತ್ರ ಬಿಡಿಸುವ ಸೇಡಮಿನ ಹುಡುಗಿ, ಸದ್ದು ಸಂಗೀತ ನೋಡಿಕೊಳ್ಳುವ ಚಿಂಚೋಳಿಯ ಗೃಹಸ್ಥ. ಹೀಗೆ ನಡೆದರೆ ಏಳೂರು ಮುಟ್ಟುವಷ್ಟರಲ್ಲಿ ಆಡುವವರು ಮುದುಕರಾಗುತ್ತಾರೆ. ಅದಕ್ಕೇ ಮೂರು ಕಂತು. ಮೊದಲನೆಯದು ಜನರಿಗೆ ಹಿಡಿಸಿದರೆ ಎರಡನೆಯದು, ಅದು ಹಿಡಿಸಿದರೆ ಮೂರನೆಯದು. ಕಾಗದದಲ್ಲಿ ಗಟ್ಟಿಯಾಗಿ ಬರೆದದ್ದು ಮೊದಲನೆಯದು ಮಾತ್ರ.

ಸುದ್ದಿ ಹೇಳಲು ರಾವೂರಿಗೆ ಹೋದೆ. ವೈನಿ ಶಾಲೆ ಬಿಟ್ಟು ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ನಾನು ಕಾಗದದ ಮೇಲೆ ಊರುಗಳನ್ನು ಬರೆದು ಗೆರೆ ಎಳೆದು ತೋರಿಸಿದೆ. ನಾಲವಾರ, ವಾಡಿ, ರಾವೂರ ಮೊದಲ ಕಂತು. ಚಿತ್ತಾಪುರ, ಸೇಡಂ ಎರಡನೆಯದು. ಉಳಿದದ್ದು ಮೂರನೆಯದು. ಅವರು ಗೆರೆಗಳನ್ನು ನೋಡಿ ಹೊಳೆ ಯಾವುದರಾಗ ಬರ್ತದ ಎಂದರು. ಮೂರನೆಯದರಲ್ಲಿ ಎಂದೆ. ಎಷ್ಟು ವರ್ಷ ಎಂದರು. ನಾನು ನಾಲ್ಕೋ ಐದೋ ಎಂದು ತೊದಲಿದೆ. ಬರದೇ ಹೋಗಬಹುದು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ಗೊತ್ತಾಯಿತು, ಟೀಚರ್ ಅಲ್ಲವೇ.

ಸಮಾಧಾನಕ್ಕೆಂದು ಆ ನಾಲ್ಕು ಮಾತುಗಳನ್ನು ಅವರ ಫೋನಿಗೆ ಹಾಕಿಕೊಡುತ್ತೇನೆ, ಬೇಕಾದಾಗ ಕೇಳಬಹುದು ಎಂದೆ. ಅವರು ಬೇಡ ಎಂದರು. ಮದುವೆಯಾದ ಹೊಸದರಲ್ಲಿ ಒಂದೇ ಸಲ ಅವರು ಆ ಆಟ ಆಡಿದ್ದು. ಅಣ್ಣ ಪಕ್ಕದಲ್ಲಿ ಕೂತು ಹೊಳೆಯವರೆಗೆ ಕರೆದುಕೊಂಡು ಹೋಗಿದ್ದನಂತೆ. ಆಮೇಲೆ ನೌಕರಿ, ಮಕ್ಕಳು, ಮನೆ. ಮತ್ತೆ ಆಡೋಣ ಎಂದು ಇಬ್ಬರೂ ಹೇಳುತ್ತಲೇ ಇದ್ದರು.

"ಫೋನಿನ್ಯಾಗ ಒತ್ತಿ ಕೇಳಾಕ ಅದೇನು ಹಾಡೇನು?" ಎಂದರು ವೈನಿ. "ನಾ ನಡಕೋತ ಹೋಗಬೇಕು, ಅವ್ರು ಹೊಳಿ ದಂಡಿಮ್ಯಾಲ ಸಿಗಬೇಕು. ಹಂಗಾದ್ರ ಕೇಳ್ತೀನಿ."

ಶಹಾಬಾದಿಗೆ ಬರುವ ಬಸ್ಸಿನಲ್ಲಿ ನನಗೆ ಅಣ್ಣನ ಮೇಲೆ ಸಿಟ್ಟು ಬಂತು. ಹೊಳೆಯನ್ನು ಅಷ್ಟು ದೂರ ಯಾಕೆ ಇಟ್ಟೆ ಮಾರಾಯಾ ಎಂದು ಕೇಳಬೇಕೆನಿಸಿತು. ಕೇಳುವುದಕ್ಕಾದರೂ ಅವನು ಇರಬೇಕಿತ್ತು.

ಮೊದಲು ಮಾಡಿದ್ದು ಮೂರ್ಖ ಕೆಲಸ. ಹೊಳೆಯನ್ನೇ ಹಿಂದಕ್ಕೆ ತಂದು ರಾವೂರಿನ ಪಕ್ಕಕ್ಕೆ ಇಟ್ಟೆ. ಆಟದಲ್ಲಿ ಭೂಗೋಳ ನಮ್ಮ ಕೈಯಲ್ಲಿರುತ್ತದೆ ನೋಡಿ, ಹೊಳೆಯನ್ನು ಎಳೆದು ಎಲ್ಲಿ ಬೇಕಾದರೂ ಬಿಡಬಹುದು. ಎರಡು ವಾರ ಕೂತು ದಾರಿ ಜೋಡಿಸಿ ಆಡಿ ನೋಡಿದರೆ, ಅಂಬಿಗ ಬಾಯಿಬಿಟ್ಟ ಕೂಡಲೇ ಎಲ್ಲ ಕುಸಿದುಬಿತ್ತು. ಅವನ ಮೊದಲ ಮಾತೇ "ಸೇಡಮಿನ ಹಗ್ಗ ತಂದ್ಯಾ?" ಎಂದು. ಎರಡನೆಯದು ಸೇಡಮಿನ ಸಂತೆಯ ಮುದುಕಿಯ ಬಗ್ಗೆ. ಸೇಡಂ ನೋಡದ ಹುಡುಗಿಗೆ ಯಾವ ಹಗ್ಗ, ಯಾವ ಮುದುಕಿ? ಬೇರೆ ಪಾತ್ರವಾಗಿದ್ದರೆ ಮಾತು ಬದಲಿಸಿ ಮತ್ತೆ ರೆಕಾರ್ಡ್ ಮಾಡಬಹುದಿತ್ತು. ಇಲ್ಲಿ ಮಾತಾಡಿದವನು ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ಎರಡು ವಾರ ಹಾಳು ಮಾಡಿದ್ದೆ. ಹೊಳೆಯನ್ನು ಅದರ ಜಾಗಕ್ಕೆ ವಾಪಸ್ ಇಟ್ಟೆ.

ಇದನ್ನು ಕೇಳಿದ ಪ್ರಕಾಶಕರ ಕಡೆಯ ಅಧಿಕಾರಿ ಇಷ್ಟಕ್ಕೆ ಯಾಕೆ ಚಿಂತೆ ಎಂದರು. ಈಗ ಯಂತ್ರಕ್ಕೆ ಸ್ವಲ್ಪ ದನಿ ಕೇಳಿಸಿದರೆ ಸಾಕು, ಅದೇ ದನಿಯಲ್ಲಿ ಬೇಕಾದ ಮಾತು ಆಡಿಸುತ್ತದೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಅವರೇ ಹೇಳಿದ ಮೇಲೆ ಆಸೆ ಹುಟ್ಟಿತು. ಸದ್ದು ನೋಡಿಕೊಳ್ಳುವ ಚಿಂಚೋಳಿಯವರು ಅಣ್ಣನ ನಾಲ್ಕು ಮಾತು ಮತ್ತು ಯಾವುದೋ ಮದುವೆಯ ವಿಡಿಯೋದಲ್ಲಿ ಸಿಕ್ಕ ಚೂರು ಮಾತು ಸೇರಿಸಿ ಯಂತ್ರಕ್ಕೆ ಕೊಟ್ಟರು. ಎರಡು ದಿನದಲ್ಲಿ "ರಾವೂರಿನಿಂದ ಬಂದ್ಯಾ, ಕುಂದ್ರು" ಎಂದು ಅಣ್ಣ ಹೇಳಿದ. ಹೆಡ್‌ಫೋನ್ ಹಾಕಿಕೊಂಡು ನಾನು ಅತ್ತೆ. ಸುಳ್ಳು ಹೇಳುವುದಿಲ್ಲ, ನನಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ.

ವೈನಿಯನ್ನು ಕರೆಸಿ ಕೇಳಿಸಿದೆ. ಹೇಗೆ ಮಾಡಿದ್ದು ಎಂದೂ ಹೇಳಿದೆ. ಮುಚ್ಚಿಡುವುದು ನನ್ನಿಂದಾಗುತ್ತಿರಲಿಲ್ಲ. ಅವರು ಎರಡು ಸಲ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ದನಿ ಅವರದೇ ಅದ, ತಂಗಿ. ಆದ್ರ ಅವ್ರು ಈ ಮಾತು ಅಂದಿಲ್ಲ. ಅವ್ರು ಅನ್ನದ ಮಾತು ಕೇಳಿ ನಾ ಏನು ಮಾಡ್ಲಿ?"

ಅವರು ಬೈಯಲಿಲ್ಲ. ಡಬ್ಬಿ ಬಿಚ್ಚಿ ನಮಗೆಲ್ಲ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, ಊಟವಾದ ಮೇಲೆ ಬಸ್ಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಕಡತವನ್ನು ಚಿಂಚೋಳಿಯವರು ನಾನು ಹೇಳುವ ಮೊದಲೇ ಅಳಿಸಿದ್ದರು.

ಆಮೇಲೆ ಒಂದು ತಿಂಗಳು ನಾನು ಹೊಳೆಯ ಸುದ್ದಿಗೆ ಹೋಗಲಿಲ್ಲ. ಕಂತು ಕತ್ತರಿಸುವುದರಲ್ಲಿ ಬೇರೆ ತಲೆನೋವು ಬೇಕಾದಷ್ಟಿದ್ದವು. ಅಣ್ಣನ ಆಟದಲ್ಲಿ ವಾಡಿ ಜಂಕ್ಷನ್ನಿನಿಂದ ಯಾವ ಊರಿಗಾದರೂ ರೈಲು ಹತ್ತಿ ವಾಪಸ್ ಹೋಗಬಹುದಿತ್ತು. ಕಂತು ಮಾಡಿದರೆ ಎರಡನೆಯದರಲ್ಲಿ ಇದ್ದವರು ಮೊದಲನೆಯದರ ಊರಿಗೆ ಹೋಗುವುದು ಹೇಗೆ? ಕೊನೆಗೆ ವಾಡಿಯನ್ನು ಮೂರೂ ಕಂತಿನಲ್ಲಿ ಇಡುವುದೆಂದು ತೀರ್ಮಾನಿಸಿದೆವು. ಆಟದ ಹುಡುಗಿಯ ಚೀಲದಲ್ಲಿ ಕೂಡಿಬಿದ್ದ ಸಾಮಾನು ಮುಂದಿನ ಕಂತಿಗೆ ಸಾಗಿಸುವ ವ್ಯವಸ್ಥೆಯೂ ಆಗಬೇಕಿತ್ತು. ಇಂಥ ಕೆಲಸದಲ್ಲಿ ಮುಳುಗಿದರೆ ದುಃಖ ಅಷ್ಟಾಗಿ ಕಾಡುವುದಿಲ್ಲ, ಅದೊಂದು ಅನುಕೂಲ.

ಒಂದು ದಿನ ಸೇಡಮಿನ ಹುಡುಗಿ ಎರಡನೇ ಕಂತಿಗೆಂದು ಹಳೆಯ ಆಟದ ಚಿತ್ತಾಪುರದ ಚಿತ್ರಗಳನ್ನು ತೆರೆದಿಟ್ಟುಕೊಂಡು ನನ್ನನ್ನು ಕರೆದಳು. ಚಿತ್ತಾಪುರ ದಾಟಿದ ಕೂಡಲೇ ಆಟದಲ್ಲಿ ಒಮ್ಮೆ ಹೊಳೆಯ ದಂಡೆ ಬರುತ್ತದೆ. ಅಲ್ಲಿ ಮಾಡುವ ಕೆಲಸ ಏನೂ ಇಲ್ಲ. ನಡುನೀರಿನಲ್ಲಿ ದೂರದಲ್ಲಿ ಚಿಕ್ಕದೊಂದು ದೋಣಿ, ಅದರಲ್ಲಿ ಚುಕ್ಕಿಯಷ್ಟು ಮನುಷ್ಯ. ಕೂಗಿದರೂ ಬರುವುದಿಲ್ಲ. ಸೇಡಂ ಮುಗಿಸಿ ಬಂದ ಮೇಲೆಯೇ ಅವನು ಸಿಗುವುದು. ಆ ಚುಕ್ಕಿ ಬರೀ ಶೋಭೆಗೆ ಎಂದು ನಾವೆಲ್ಲ ತಿಳಿದಿದ್ದೆವು. ಸೇಡಮಿನ ಹುಡುಗಿ ಕೇಳಿದ್ದು ಬೇರೆ. "ಮೇಡಂ, ಇದೇ ದಂಡಿಗಿ ಇನ್ನೊಂದು ಚಿತ್ರ ಅದರಿ. ದೋಣಿ ಬೋರಲು ಹಾಕ್ಯಾರ, ಅಂಬಿಗ ಬಾಜೂಕ ಕುಂತಾನ. ಮುಖ ನಮ್ಮ ಕಡಿಗೇ ಅದ. ಇದು ಆಟದಾಗ ಎಲ್ಲೂ ಬರಂಗಿಲ್ಲಲ್ರಿ?"

ನಾನು ಅಣ್ಣನ ಪ್ರೋಗ್ರಾಮ್ ತೆರೆದೆ. ಆ ದಂಡೆಯ ಭಾಗವನ್ನು ನಾನು ಹಿಂದೆ ಓದಿರಲಿಲ್ಲ, ಏನೂ ನಡೆಯದ ಜಾಗವೆಂದು ಬಿಟ್ಟಿದ್ದೆ. ಅಲ್ಲಿ ಇಪ್ಪತ್ತೈದು ತಾರೀಕುಗಳ ಒಂದು ಪಟ್ಟಿ ಇತ್ತು. ಆಟ ಮೊದಲು ಕಂಪ್ಯೂಟರಿನ ಇವತ್ತಿನ ತಾರೀಕು ನೋಡುತ್ತದೆ. ಅದು ಪಟ್ಟಿಯಲ್ಲಿದ್ದರೆ ಬೋರಲು ಹಾಕಿದ ದೋಣಿಯ ಚಿತ್ರ, ಇಲ್ಲದಿದ್ದರೆ ದೂರದ ಚುಕ್ಕಿ. ಯಾವ ತಾರೀಕುಗಳು ಇವು? ಯಾರ ಹುಟ್ಟಿದ ದಿನವೂ ಅಲ್ಲ. ಒಂದಕ್ಕೊಂದು ಕಳೆದು ನೋಡಿದೆ. ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತು.

ಅಮಾವಾಸ್ಯೆ. ನಮ್ಮ ಕಡೆ ರೈತರು ಅಮಾವಾಸ್ಯೆಗೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಹಾಗೆಯೇ ನಮ್ಮ ಮನೆಯವರು ಆ ದಿನ ದೋಣಿಯನ್ನು ನೀರಿಗೆ ಇಳಿಸುತ್ತಿರಲಿಲ್ಲ. ಯಾರೇ ಬರಲಿ, ಎಷ್ಟೇ ಅವಸರವಿರಲಿ, ದೋಣಿ ಬೋರಲು ಹಾಕಿ, ಕುಂಕುಮ ಹಚ್ಚಿ, ಮುತ್ಯಾ ಬಂದವರ ಜೊತೆ ಹರಟೆ ಹೊಡೆಯುತ್ತ ದಂಡೆಯ ಮೇಲೆ ಕೂತಿರುತ್ತಿದ್ದ. ಅಣ್ಣ ಅದನ್ನೇ ಆಟದಲ್ಲಿ ಇಟ್ಟಿದ್ದ. ಖರೇ ಅಮಾವಾಸ್ಯೆಯ ದಿನ ಆಡಿದವರಿಗೆ ಮಾತ್ರ ಅಂಬಿಗ ಈಚೆ ದಂಡೆಯಲ್ಲಿ ಸಿಗಬೇಕು. ಅದಕ್ಕಾಗಿ ಗೋಡೆಯ ಕ್ಯಾಲೆಂಡರ್ ನೋಡಿ ಒಂದೊಂದೇ ತಾರೀಕು ಬರೆದಿದ್ದ, ಮುಂದಿನ ಎರಡು ವರ್ಷಕ್ಕೆ. ಅಷ್ಟರಲ್ಲಿ ಆಟ ಮುಗಿಯುತ್ತದೆ, ಜನ ಆಡುತ್ತಾರೆ, ಪಟ್ಟಿ ಆಮೇಲೆ ಬೆಳೆಸಿದರಾಯಿತು ಎಂದುಕೊಂಡಿರಬೇಕು. ಆಟ ಮುಗಿಯಲು ಮೂರು ವರ್ಷ ಹಿಡಿಯಿತು. ಸೀಡಿ ಜನರ ಕೈಗೆ ಹೋಗುವಷ್ಟರಲ್ಲಿ ಪಟ್ಟಿಯ ಕೊನೆಯ ಅಮಾವಾಸ್ಯೆ ಕಳೆದುಹೋಗಿತ್ತು. ಕೂಸು ಹುಟ್ಟುವ ಮೊದಲೇ ಹೊಲಿದ ಕುಲಾವಿ ಕೂಸಿಗೆ ಸಾಲದಾಯಿತು. ಅಂಬಿಗ ದಂಡೆಯಲ್ಲಿ ಯಾರಿಗೂ, ಒಂದು ಸಲವೂ, ಸಿಗಲೇ ಇಲ್ಲ.

ಪಟ್ಟಿಯ ಕೆಳಗೆ ಏಳು ದನಿ ಕಡತಗಳ ಸಂಖ್ಯೆಗಳಿದ್ದವು.

ಆ ಏಳು ಕಡತಗಳು ನಮ್ಮ ಹತ್ತಿರವೇ ಇದ್ದವು. ಕೆಲಸ ಶುರು ಮಾಡಿದಾಗಲೇ ತೆಗೆದು ನೋಡಿ, ಹಕ್ಕಿ ಚೀರಿದಂತೆ ಕೇಳಿಸಿದ್ದರಿಂದ ಕೆಟ್ಟುಹೋದವು ಎಂದು ಒಂದು ಮೂಲೆಗೆ ಹಾಕಿದ್ದೆವು. ಚಿಂಚೋಳಿಯವರು ಈಗ ಮತ್ತೆ ತೆರೆದು ನೋಡಿ ಹಣೆ ಬಡಿದುಕೊಂಡರು. ಡಿಸ್ಕಿನಲ್ಲಿ ಜಾಗ ಉಳಿಸಲು ಅಣ್ಣ ಇವನ್ನು ಅರ್ಧ ವೇಗದಲ್ಲಿ ರೆಕಾರ್ಡ್ ಮಾಡಿದ್ದ. ನಾವು ಪೂರ್ತಿ ವೇಗದಲ್ಲಿ ಓಡಿಸಿದ್ದೆವು. ಅವರು ವೇಗವನ್ನು ಅರ್ಧಕ್ಕೆ ಇಳಿಸಿ ಗುಂಡಿ ಒತ್ತಿದರು.

ಮೊದಲು ಒಂದು ಕೆಮ್ಮು. ಆಮೇಲೆ, "ಇವತ್ತ ಅಮಾಸಿ. ದೋಣಿ ನೀರಿಗಿ ಇಳಸಂಗಿಲ್ಲ."

ಅದು ಅವನೇ. ಇಪ್ಪತ್ತೈದು ದಾಟಿದ, ಮೀಸೆ ಈಗಷ್ಟೇ ದಟ್ಟವಾದ ನನ್ನ ಅಣ್ಣ. ಹಿಂದೆ ಯಾರದೋ ಸೈಕಲ್ ಬೆಲ್ಲು, ಹತ್ತಿರದಲ್ಲೆಲ್ಲೋ ಗೂಡ್ಸ್ ಗಾಡಿ ಹೊರಟ ಸದ್ದು. ನನಗೆ ಆ ಕ್ಷಣ ಎಷ್ಟು ಆಸೆಯಾಯಿತೆಂದರೆ, ಆ ಕೋಣೆಯ ಬಾಗಿಲು ತಟ್ಟಿ, ಅಣ್ಣಾ, ಊಟಕ್ಕೆ ಬಾ, ಅವ್ವ ಕರೀಲಿಕತ್ತಾಳ ಎನ್ನಬೇಕು ಎನಿಸಿತು. ಸೇಡಮಿನ ಹುಡುಗಿ ಕೆಳಗಿನ ಅಂಗಡಿಗೆ ಹೋಗಿ, ಹತ್ತು ನಿಮಿಷ ಯಂತ್ರ ನಿಲ್ಲಿಸಿರೆಂದು ಕೇಳಿಕೊಂಡು ಬಂದಳು. ಏಳೂ ಮಾತು ಕೇಳಿದೆವು. ಒಂದರಲ್ಲೂ ಸೇಡಮಿನ ಹೆಸರಿಲ್ಲ, ಹಗ್ಗವಿಲ್ಲ, ಮುದುಕಿಯಿಲ್ಲ. ಬರೀ ಹರಟೆ.

ಕಂತನ್ನು ಎಲ್ಲಿ ಕತ್ತರಿಸಬೇಕೆಂದು ಆ ಹೊತ್ತೇ ನಿರ್ಧಾರವಾಯಿತು. ಮೊದಲ ಕಂತು ರಾವೂರಿನಲ್ಲಿ ಅಲ್ಲ, ಚಿತ್ತಾಪುರ ದಾಟಿ ಹೊಳೆಯ ಈಚೆ ದಂಡೆಯಲ್ಲಿ ಮುಗಿಯುತ್ತದೆ. ಆಟದ ಹುಡುಗಿ ಅಲ್ಲಿಗೆ ಬರುವ ದಿನ ಅಮಾವಾಸ್ಯೆ. ದೋಣಿ ಇವತ್ತು ಇಲ್ಲ. ಆಟ ನಿಲ್ಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಮ್ಮ ಮನೆತನಕ್ಕೆ ಗೊತ್ತಿಲ್ಲ.

ಚಿಂಚೋಳಿಯವರು ಒಂದು ತಕರಾರು ತೆಗೆದರು, ಅದು ಸರಿಯಾದದ್ದೇ. ಅಣ್ಣ ಇದನ್ನು ಅದೃಷ್ಟಕ್ಕೆ ಬಿಟ್ಟಿದ್ದ, ಖರೇ ಅಮಾವಾಸ್ಯೆಗೆ ಬಂದವರಿಗೆ ಮಾತ್ರ ಎಂದು. ನಾವು ಎಲ್ಲರಿಗೂ ಸಿಗುವಂತೆ ಮಾಡಿದರೆ ಅವನ ಮಾತು ಮುರಿದಂತಲ್ಲವೇ? ನಾನು ಎರಡು ದಿನ ಯೋಚಿಸಿದೆ. ಇಪ್ಪತ್ತು ವರ್ಷ ಅದೃಷ್ಟದ ಕೈಗೆ ಕೊಟ್ಟು ಆಯಿತಲ್ಲ, ಯಾರಿಗೂ ಸಿಗಲಿಲ್ಲ. ಇನ್ನು ಅದೃಷ್ಟದ ಮಾತು ಬೇಡ ಎಂದೆ. ಇದರಲ್ಲಿ ಅಣ್ಣನಿಗೆ ನಾನು ಎದುರು ಹೋಗಿದ್ದೇನೆ, ಗೊತ್ತು.

ಪ್ರಕಾಶಕರು ಸುಲಭಕ್ಕೆ ಒಪ್ಪಲಿಲ್ಲ. ಕಂತಿನ ಕೊನೆಗೆ ಒಂದು ಹೊಡೆದಾಟವಿಲ್ಲ, ಎದೆ ಝಲ್ ಎನ್ನುವಂಥದ್ದಿಲ್ಲ, ಒಬ್ಬ ಮನುಷ್ಯ ದಂಡೆಯ ಮೇಲೆ ಕೂತು ಹರಟಿದರೆ ಮುಂದಿನ ಕಂತಿಗೆ ಯಾರು ಕಾಯುತ್ತಾರೆ ಎಂದರು. ಚಿತ್ತಾಪುರ ಸೇರಿಸಲು ಹೆಚ್ಚು ಸಮಯವನ್ನೂ ಕೊಡುವುದಿಲ್ಲವೆಂದರು. ನಾನು ವಾಡಿ ಜಂಕ್ಷನ್ನಿನ ಅರ್ಧ ಭಾಗ ಕಡಿದು ಹಾಕಿದೆ. ಪ್ಲಾಟ್‌ಫಾರಂ ಮೇಲಿನ ಜನ, ಚಹಾ ಮಾರುವವರು, ನಾನೇ ಆಸೆಯಿಂದ ಕಟ್ಟಿದ ಹಳೆಯ ನೀರಿನ ಟಾಕಿ, ಎಲ್ಲ ಹೋಯಿತು. ಅಲ್ಲಿ ಉಳಿದ ಸಮಯವನ್ನು ಚಿತ್ತಾಪುರಕ್ಕೂ ದಂಡೆಗೂ ಹಾಕಿದೆ. ಅಂತೂ ಹ್ಞೂಂ ಎಂದರು. ಎರಡನೆಯ ಕಂತಿನ ಬಗ್ಗೆ ನೋಡೋಣ ಎಂದರು.

ಎಲ್ಲ ಜೋಡಿಸಿ ಮುಗಿದ ಮೇಲೆ ಒಂದು ಭಾನುವಾರ ವೈನಿಯನ್ನು ಕರೆದೆ. ದಂಡೆಯಲ್ಲಿ ಏನಿದೆ ಎಂದು ಹೇಳಿರಲಿಲ್ಲ. ಮೊದಲ ಕಂತು ಆಡಿ ನೋಡ್ರಿ, ಎಲ್ಲಿ ಎಡವುತ್ತೀರೋ ಬರೆದುಕೊಳ್ಳಬೇಕು ಎಂದಷ್ಟೇ ಹೇಳಿದ್ದೆ. ಅವರು ನಾಲ್ಕು ಭಾನುವಾರ ಬಂದರು. ನಾಲವಾರದಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದರು. ರಾವೂರಿನ ಖಣಿ ನೋಡಿ, ನಮ್ಮ ಶಾಲಿ ಎಲ್ಲಿ ಹೋತು ಎಂದು ಜಗಳ ತೆಗೆದರು. ನಾಲ್ಕನೇ ಭಾನುವಾರ ಊಟದ ಹೊತ್ತಿಗೆ ಚಿತ್ತಾಪುರ ದಾಟಿದರು. ಹೊಳೆ ಕಂಡಿತು. ಬೋರಲು ಬಿದ್ದ ದೋಣಿ, ಪಕ್ಕದಲ್ಲಿ ಕೂತವನು ಕಂಡ. ವೈನಿ ಹುಡುಗಿಯನ್ನು ಅಲ್ಲೇ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಅವರು ಒಂದೊಂದೇ ಹೆಜ್ಜೆ ನಡೆಸಿದರು.

ಕೆಮ್ಮು. "ಇವತ್ತ ಅಮಾಸಿ. ದೋಣಿ ನೀರಿಗಿ ಇಳಸಂಗಿಲ್ಲ."

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇದು ಯಂತ್ರದ್ದೇನು ಎಂದು ಕೇಳಿದರು. ಅಲ್ಲ, ಅಣ್ಣನೇ ಅಂದದ್ದು, ಆಗಲೇ ಅಂದಿಟ್ಟದ್ದು, ಯಾರೂ ಕೇಳಿರಲಿಲ್ಲ ಎಂದೆ. ಅವರು ತಲೆಯಾಡಿಸಿದರು. ಅಂಬಿಗ ಬುತ್ತಿ ಬಿಚ್ಚು ಎಂದ. ಹೊಳಿ ಎಲ್ಲೂ ಓಡಿ ಹೋಗಂಗಿಲ್ಲ, ಅವಸರ ಯಾಕ ಎಂದ. ಬಿಸಿಲು ಭಾಳ ಅದ, ನೆರಳಿಗಿ ಬಾ ಎಂದ. ಒಂದೊಂದು ಮಾತಿಗೂ ವೈನಿ ಹ್ಞಾಂ, ಹ್ಞಾಂ ಎನ್ನುತ್ತಿದ್ದರು, ಎದುರಿಗೆ ಕೂತವರಿಗೆ ಅನ್ನುವ ಹಾಗೆ. ಆರನೆಯದು ಬಂತು. "ನಾಳಿ ಬಾ. ನಾ ಇಲ್ಲೇ ಇರ್ತೀನಿ."

ಇಲ್ಲಿ ಹುಡುಗಿ ಕೊಡುವ ಉತ್ತರ ಎರಡು. ಅವನ್ನು ಅಣ್ಣನೇ ಬರೆದಿಟ್ಟಿದ್ದ, ನಾವು ಮುಟ್ಟಿಲ್ಲ. ಒಂದು, ಹೋಗಿ ಬರ್ತೀನಿ. ಅದನ್ನು ಒತ್ತಿದರೆ ಕಂತು ಮುಗಿಯುತ್ತದೆ. ಇನ್ನೊಂದು, ಇಲ್ಲೇ ಕುಂದ್ರತೀನಿ.

"ಆ ನಾಳಿ ಯಾವಾಗ ಬರ್ತದ, ತಂಗಿ?" ಎಂದು ಕೇಳಿದರು ವೈನಿ.

ಇಷ್ಟು ದಿನ ನಾಲ್ಕು ವರ್ಷ, ಐದು ವರ್ಷ ಎಂದು ಏನೇನೋ ಹೇಳಿಕೊಂಡು ಬಂದಿದ್ದೆ. ಈಗ ಆಗಲಿಲ್ಲ. "ಗೊತ್ತಿಲ್ಲ, ವೈನಿ. ಬರ್ತದೋ ಇಲ್ಲೋ ಅದೂ ಗೊತ್ತಿಲ್ಲ" ಎಂದೆ.

ವೈನಿ ಬಾಣದ ಗುರುತನ್ನು ಕೆಳಗಿನ ಉತ್ತರಕ್ಕೆ ಇಳಿಸಿ ಒತ್ತಿದರು.

"ಕುಂದ್ರು ಮತ್ತ" ಎಂದ ಅಣ್ಣ.

ಅದೇ ಏಳನೆಯ ಮಾತು, ಅದರಾಚೆ ಅವನು ಏನೂ ಹೇಳಿಲ್ಲ. ನೀರಿನ ಸದ್ದು ಮಾತ್ರ ಇರುತ್ತದೆ. ವೈನಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತರು.